ದ್ವಿದಳ ಧಾನ್ಯ ಬೆಳೆಗಳಲ್ಲಿ ಕಾಯಿ ತಿಗಣೆಗಳ ಸಮಗ್ರ ನಿರ್ವಹಣೆ

ಮಲ್ಲಾಪುರದಂತಹ ನದಿ ದಂಡೆಯ ಗ್ರಾಮಗಳಿರುವ ಕಾರವಾರ ಹಾಗೂ ಅಂಕೋಲಾ ತಾಲ್ಲೂಕುಗಳಲ್ಲಿ ಮುಂಗಾರಿನ ಭತ್ತ ಕೊಯ್ಲಾದ ನಂತರ ಗದ್ದೆಯಲ್ಲಿ ಉಳಿದ ತೇವಾಂಶದಲ್ಲಿಯೇ ಅಲಸಂದೆ, ಹೆಸರು, ಉದ್ದು ಮುಂತಾದ ಬೆಳೆಗಳನ್ನು ಬೆಳೆಯಲಾಗುತ್ತದೆ. ಕಾಯಿ ಕಟ್ಟುವ ಹಂತದಲ್ಲಿ ಈ ಬೆಳೆಗಳನ್ನು ಬಾಧಿಸುವ ರಸ ಹೀರುವ ಕೀಟಗಳಲ್ಲಿ ಕಂದು ಬಣ್ಣದ ಕಾಯಿ ತಿಗಣೆ ಮತ್ತು ದುರ್ವಾಸನೆ ಬೀರುವ ಹಸಿರು ತಿಗಣೆ ಮುಖ್ಯವಾದವು.

ತಿಗಣೆಯು ತನ್ನ ಸೂಜಿಯಂತಹ ಬಾಯಿಯನ್ನು ಕಾಯಿಯೊಳಕ್ಕೆ ಚುಚ್ಚಿ ಎಳೆ ಕಾಳಿನ ರಸವನ್ನು ಹೀರುತ್ತದೆ. ಎಳೆಯ ಕಾಯಿಗಳು ಮುರುಟಿ ಉದುರುತ್ತವೆ. ಬಲಿತ ಕಾಯಿಯು ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗಿನ ಕಾಳು ಸುಕ್ಕುಗಟ್ಟಿ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮನೆಯ ಬೀಜವನ್ನೇ ಮರುವರ್ಷ ಬಿತ್ತುವ ರೈತರಿಗೆ ಈ ನಷ್ಟ ತಿಳಿಯುವುದು ಬಿತ್ತನೆಯಾದ ಮೇಲೆಯೇ.

ಕಂದು ತಿಗಣೆಯ ಮರಿಗಳು ನೋಡಲು ಇರುವೆಗಳಂತೆಯೇ ಇರುವುದರಿಂದ ಅನೇಕರು ಅವುಗಳನ್ನು ಗಮನಿಸುವುದೇ ಇಲ್ಲ. ಕಾಯಿಗಳ ಮೇಲೆ ಓಡಾಡುವ ‘ಇರುವೆ’ಗಳನ್ನು ಹತ್ತಿರದಿಂದ ಪರೀಕ್ಷಿಸುವುದು ಅವಶ್ಯಕ. ಹಸಿರು ತಿಗಣೆಯು ಎಲೆಯ ಅಡಿಭಾಗದಲ್ಲಿ ಮೊಟ್ಟೆಗಳನ್ನು ಸಾಲುಸಾಲಾಗಿ, ಗುಂಪಾಗಿ ಇಡುತ್ತದೆ. ಇಂತಹ ಎಲೆಗಳನ್ನು ಕಿತ್ತು ನಾಶಪಡಿಸಬೇಕು. ಆದರೆ ಕಪ್ಪಾಗಿರುವ ಮೊಟ್ಟೆಗಳನ್ನು ಹಾಗೆಯೇ ಬಿಡಬೇಕು. ಅವುಗಳಲ್ಲಿ ಸಾಮಾನ್ಯವಾಗಿ ತಿಗಣೆಯ ಶತ್ರುವಾದ ಪರತಂತ್ರ ಕಣಜವು ಬೆಳೆಯುತ್ತಿರುತ್ತದೆ.

ಒಂದೇ ಬಯಲಿನ ರೈತರು ಏಕಕಾಲದಲ್ಲಿ ಬಿತ್ತನೆ ಮಾಡುವುದು ಸೂಕ್ತ. ಹಿಂದೆ ಮುಂದೆ ಬಿತ್ತಿದಲ್ಲಿ ಕೀಟಗಳು ಬಲಿತ ಬೆಳೆಯಿಂದ ಎಳೆ ಬೆಳೆಗೆ ವಲಸೆ ಹೋಗುತ್ತವೆ. ಬದುಗಳಲ್ಲಿರುವ ಕಳೆಗಳನ್ನು ತೆಗೆಯಬೇಕು. ಹೂ ಬಿಟ್ಟಂದಿನಿಂದ ವಾರಕ್ಕೆ ಎರಡು ಬಾರಿಯಾದರೂ ಬೆಳೆಯನ್ನು ಪರಿಶೀಲಿಸಬೇಕು. ಬೆಳಗಿನ ತಂಪಿನಲ್ಲಿ ತಿಗಣೆಗಳು ಚುರುಕಾಗಿರುವುದಿಲ್ಲವಾದ್ದರಿಂದ ಗಿಡಗಳನ್ನು ಅಲುಗಾಡಿಸಿ ಸಾಬೂನು ನೀರಿರುವ ಪಾತ್ರೆಗೆ ಬೀಳಿಸಬಹುದು. ಸಣ್ಣ ಹಿಡುವಳಿಗಳಿಗೆ ಇಷ್ಟು ಕ್ರಮವೇ ಬಹುಪಾಲು ಸಾಕಾಗುತ್ತದೆ.

ಬಾಧೆ ಮುಂದುವರಿದಲ್ಲಿ ಶೇ. 5ರ ಬೇವಿನ ಬೀಜದ ಕಷಾಯವನ್ನು ಸಂಜೆ ವೇಳೆ ಸಿಂಪಡಿಸಬೇಕು. ಇದಕ್ಕಾಗಿ 5 ಕಿ.ಗ್ರಾಂ. ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರಿಗೆ ಸರಿಹೊಂದಿಸಿ, ಸ್ವಲ್ಪ ಸಾಬೂನು ಪುಡಿ ಬೆರೆಸಬೇಕು.

ಈ ಕೀಟಗಳಿಗೆ ಹಿಂದೆ ಶಿಫಾರಸಿನಲ್ಲಿದ್ದ ಎಂಡೋಸಲ್ಫಾನ್ 2011ರಲ್ಲಿ ನಿಷೇಧಗೊಂಡಿತು. ಗೇರು ತೋಟಗಳಲ್ಲಿ ಅದರ ಸಿಂಪರಣೆಯಿಂದಾದ ಅನಾಹುತವನ್ನು ಕರಾವಳಿಯ ಜನತೆಗೆ ವಿವರಿಸಬೇಕಾಗಿಲ್ಲ. ತರಕಾರಿ ಬೆಳೆಗಳಲ್ಲಿ ಮೊನೊಕ್ರೊಟೊಫಾಸ್ ಬಳಕೆಯನ್ನು 2005ರಲ್ಲಿಯೇ ನಿಷೇಧಿಸಲಾಗಿದೆ. ಹಸಿ ಕಾಯಿಯನ್ನೇ ಕೊಯ್ದು ಪಲ್ಯಕ್ಕೆ ಬಳಸುವ ಅಲಸಂದೆಗೆ ಹಳೆಯ ಕೈಪಿಡಿಯನ್ನು ನೋಡಿ ಕೀಟನಾಶಕ ಸಿಂಪಡಿಸಬಾರದು. ರಾಸಾಯನಿಕ ಅನಿವಾರ್ಯವಾದಲ್ಲಿ ಆ ಬೆಳೆಗೆ ಅನುಮೋದಿತವಾದುದನ್ನು ಮಾತ್ರ ಸಮೀಪದ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ಬಳಸಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನ ಕಾಯಿ ಕೊಯ್ಯದಿರಬೇಕು.