ಉತ್ತರಕ್ಕಾಗಿ ಕಾಯುವವರು ಯಾರು? ಪದವಿಯ ಕೊನೆಯ ಪ್ರಾಜೆಕ್ಟ್ ಕುರಿತು ಕೆಲವು ಮಾತು



ಸ್ಪ್ರಿಂಗ್ ವ್ಯಾಲಿಯ ಈ ತಣ್ಣನೆಯ ಬೆಳಿಗ್ಗೆ, ಉಪ್ಪಿಟ್ಟು ಕಾಫಿ ಮುಗಿದ ಮೇಲೆ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಬಗ್ಗೆ ಮಾತಾಡಿದರೆ ಕೆಲವರಿಗೆ ನಿದ್ದೆ ಬಂದರೂ ಬರಬಹುದು. ಆದರೆ ಸಮಿತಿಯವರು ಈ ವಿಷಯ ಆರಿಸಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಅನೇಕರ ಮಕ್ಕಳು ಪದವಿಗೆ ಸೇರುವ ವಯಸ್ಸಿಗೆ ಬಂದಿದ್ದಾರೆ. ಇಲ್ಲೇ ಓದಿಸುವುದೋ, ಬೆಂಗಳೂರಿಗೋ ಮೈಸೂರಿಗೋ ಕಳಿಸುವುದೋ ಎಂಬ ಚರ್ಚೆ ಮನೆಮನೆಯಲ್ಲಿದೆ. ಇನ್ನೊಂದು ಕಡೆ, ನಾವು ಕೆಲಸ ಮಾಡುವ ಕಾರ್ಖಾನೆ, ಆಸ್ಪತ್ರೆ, ಲೆಕ್ಕಪತ್ರ ಕಚೇರಿಗಳಿಗೆ ಇಲ್ಲಿನ ವಿದ್ಯಾರ್ಥಿಗಳು ಪ್ರತಿವರ್ಷ ಅಟ್ಯಾಚ್‌ಮೆಂಟ್‌ಗೆಂದು ಬರುತ್ತಾರೆ. ಅಂದರೆ ನಾವು ತಂದೆತಾಯಿಯೂ ಹೌದು, ಕಲಿಸುವವರೂ ಹೌದು.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ನಾವು ನಾಲ್ವರು ಸೇರಿ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡುಕೊಂಡೆವು. ಬೆಂಗಳೂರಿನಲ್ಲಿ ಓದಿದವರಿಗೆ ಇದು ಹೊಸ ಸುದ್ದಿಯಲ್ಲ. ದುಡ್ಡು ಕೊಟ್ಟರೆ ಮಾದರಿ, ವರದಿ, ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳು ಎಲ್ಲವೂ ಒಂದೇ ಚೀಲದಲ್ಲಿ ಸಿಗುತ್ತಿದ್ದವು. ಚಿನ್ನದ ಬಣ್ಣದ ಅಕ್ಷರದ ರಟ್ಟು ಹಾಕಿಸಿದೆವು. ಒಳ್ಳೆಯ ಅಂಕವೂ ಬಂತು. ಆ ವರದಿಯನ್ನು ಪರೀಕ್ಷೆಯ ನಂತರ ಯಾರೂ ತೆರೆದು ನೋಡಿರಲಾರರು. ಮೊದಲ ಕೆಲಸದಲ್ಲಿ ಪಂಪೊಂದು ಮತ್ತೆ ಮತ್ತೆ ಕೆಟ್ಟಾಗ ಮೇಲಿನವರು, "ಯಾಕೆ ಹೀಗಾಗ್ತಿದೆ, ಒಂದು ವಾರದಲ್ಲಿ ನೋಡಿ ಹೇಳಿ" ಅಂದರು. ಎಲ್ಲಿಂದ ಶುರುಮಾಡಬೇಕೆಂದೇ ನನಗೆ ತಿಳಿಯಲಿಲ್ಲ. ಹದಿನಾರು ವರ್ಷ ಓದಿದವನಿಗೆ ಒಂದು ವಾರ ಹೇಗೆ ನೋಡಬೇಕೆಂದು ಯಾರೂ ಕಲಿಸಿರಲಿಲ್ಲ. ಕಲಿಯಲೆಂದು ಇದ್ದ ಒಂದೇ ಅವಕಾಶವನ್ನು ನಾನೇ ಮಾರಿಕೊಂಡಿದ್ದೆ.

ಹಾಗಾದರೆ ಪ್ರಾಯೋಗಿಕ ಪದವಿ ಪ್ರಾಜೆಕ್ಟ್ ಎಂದರೇನು? ಸಾಮಾನ್ಯ ಪ್ರಬಂಧದಲ್ಲಿ ಪ್ರಶ್ನೆ ಪುಸ್ತಕದಿಂದ ಹುಟ್ಟುತ್ತದೆ, ಉತ್ತರ ಗ್ರಂಥಾಲಯದ ಕಪಾಟು ಸೇರುತ್ತದೆ. ಪ್ರಾಯೋಗಿಕ ಪ್ರಾಜೆಕ್ಟ್‌ನಲ್ಲಿ ಪ್ರಶ್ನೆ ಒಂದು ಕೆಲಸದ ಜಾಗದಿಂದ ಹುಟ್ಟಿ, ಉತ್ತರ ಅಲ್ಲಿಗೇ ಮರಳಬೇಕು. ಓದು, ಲೆಕ್ಕ, ಬರವಣಿಗೆಯ ಶಿಸ್ತು ಯಾವುದೂ ಕಡಿಮೆಯಾಗುವುದಿಲ್ಲ. ಕೂಡುವುದು ಒಂದೇ ಷರತ್ತು: ಆ ಉತ್ತರಕ್ಕಾಗಿ ಯಾರೋ ಒಬ್ಬರು ನಿಜವಾಗಿಯೂ ಕಾಯುತ್ತಿರಬೇಕು.

ಪುರ ಗ್ರಾಮದ ಪಾಠ

ಈ ಷರತ್ತಿನ ಬೆಲೆ ಗೊತ್ತಾಗಲು ನಮ್ಮೂರ ಕಡೆಯದೇ ಒಂದು ಉದಾಹರಣೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ತಂಡ ಕಟ್ಟಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕ್ಷೇತ್ರ ಕೇಂದ್ರ ತೆರೆದರು. ಅದೇ ತಾಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಮಾಡಿ, ಅಡುಗೆಗೆ ಅನಿಲ ಕೊಡಬೇಕೆಂದು ಮೊದಲು ಹೊರಟರು. ಅದು ನಡೆಯಲಿಲ್ಲ. ಎಲ್ಲ ಮನೆಯ ಅಡುಗೆಗೆ ಸಾಕಾಗುವಷ್ಟು ಸಗಣಿ ಇರಲಿಲ್ಲ. ಸೌದೆಯೋ, ಕಾಸು ಕೊಡದೆ ಸಿಗುತ್ತಿತ್ತು. ಊರವರ ನಿಜವಾದ ಕಷ್ಟ ಕುಡಿಯುವ ನೀರಿನದು. ಆಗ ತಂಡದವರು ಯೋಜನೆಯನ್ನೇ ತಿರುಗಿಸಿದರು. ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ಮಾಡಿ, ಕೊಳವೆಬಾವಿಯ ನೀರನ್ನು ಮೇಲೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಅದರ ಗೊಬ್ಬರ ಮರಳಿ ಸಿಕ್ಕಿತು. 1987ರಿಂದ ಈ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು.

ಇದು ವಿದ್ಯಾರ್ಥಿಗಳ ಪ್ರಾಜೆಕ್ಟ್ ಅಲ್ಲ, ದೊಡ್ಡ ವಿಜ್ಞಾನಿಗಳ ಕೆಲಸ. ಆದರೂ ಪಾಠ ಅದೇ. ಸ್ಥಾವರದ ತಂತ್ರ ಸರಿಯಾಗಿಯೇ ಇತ್ತು. ಕೇಳಿಕೊಂಡ ಪ್ರಶ್ನೆ ಊರವರದಾಗಿರಲಿಲ್ಲ. ಅದು ಗೊತ್ತಾದದ್ದು ಊರಿನಲ್ಲಿ ಇದ್ದು ನೋಡಿದ್ದರಿಂದ.

ವಿದ್ಯಾರ್ಥಿಗಳಿಗೂ ನಮ್ಮಲ್ಲಿ ದಾರಿಗಳಿವೆ. 1975ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಿದೆ. ವಿದ್ಯಾರ್ಥಿಗಳು ಕಾಲೇಜಿನ ಮೂಲಕ ಪ್ರಸ್ತಾವ ಕಳಿಸುತ್ತಾರೆ, ಆಯ್ಕೆಯಾದವಕ್ಕೆ ಹಣ ಸಿಗುತ್ತದೆ, ನಡುವೆ ತಜ್ಞರು ಬಂದು ನೋಡುತ್ತಾರೆ, ಕೊನೆಗೆ ಪ್ರದರ್ಶನ ನಡೆಯುತ್ತದೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಕೆಸರಿಗೆ ಇಳಿಯದೆ ಕೃಷಿ ಪದವಿ ಇಲ್ಲ ಎಂಬುದು ಅಲ್ಲಿ ನಿಯಮವೇ ಆಗಿದೆ.

ನಾಲ್ಕು ವರ್ಷದ ಪದವಿಯ ಗೊಂದಲವನ್ನೂ ನೀವು ಕೇಳಿರುತ್ತೀರಿ. ಕರ್ನಾಟಕ 2021-22ರಲ್ಲಿ ಅದನ್ನು ತಂದಿತು, 2024-25ರಿಂದ ಮೂರು ವರ್ಷಕ್ಕೆ ಮರಳಿತು. ಕಾಲೇಜು ಹುಡುಕುವಾಗ ಪದವಿ ಎಷ್ಟು ವರ್ಷದ್ದು ಎಂದಷ್ಟೇ ಕೇಳಬೇಡಿ. ಕೊನೆಯ ಪ್ರಾಜೆಕ್ಟ್ ಎಲ್ಲಿ ನಡೆಯುತ್ತದೆ, ಯಾರು ನೋಡಿಕೊಳ್ಳುತ್ತಾರೆ, ಹೋದ ವರ್ಷದ ಎರಡು ವರದಿ ತೋರಿಸುತ್ತೀರಾ ಎಂದು ಕೇಳಿ. ಆ ಉತ್ತರದಲ್ಲೇ ಕಾಲೇಜಿನ ಗುಣ ಗೊತ್ತಾಗುತ್ತದೆ.

ನಮ್ಮ ಕಾರ್ಖಾನೆಗೆ ಬಂದ ಹುಡುಗಿ

ಈಗ ನೈರೋಬಿಗೆ ಬರೋಣ. ನಾನಿರುವುದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ವಿಶ್ವವಿದ್ಯಾಲಯದ ಹುಡುಗಿ ಅಟ್ಯಾಚ್‌ಮೆಂಟ್‌ಗೆ ಬಂದಳು. ಕೊನೆಯ ವರ್ಷದ ಪ್ರಾಜೆಕ್ಟನ್ನೂ ಇಲ್ಲೇ ಮಾಡುತ್ತೇನೆ ಎಂದಳು. ನಾನು ದೊಡ್ಡ ಮನಸ್ಸಿನಿಂದ "ಬಾಯ್ಲರ್ ಎಣ್ಣೆಯ ಖರ್ಚು ಕಡಿಮೆ ಮಾಡು" ಎಂದುಬಿಟ್ಟೆ. ಅದು ಪ್ರಾಜೆಕ್ಟ್ ಅಲ್ಲ, ಆಸೆ. ಅವಳ ಪ್ರಾಧ್ಯಾಪಕರು ಒಂದು ದಿನ ಬಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಅದನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದರು: ಬಣ್ಣದ ವಿಭಾಗದ ಸ್ಟೀಮ್ ಟ್ರ್ಯಾಪ್‌ಗಳಲ್ಲಿ ಯಾವುವು ಸೋರುತ್ತಿವೆ, ಯಾವುದನ್ನು ಮೊದಲು ಬದಲಿಸಬೇಕು?

ಸ್ಟೀಮ್ ಟ್ರ್ಯಾಪ್ ಎಂದರೆ, ಕೊಳವೆಯಲ್ಲಿ ತಣ್ಣಗಾಗಿ ನೀರಾದದ್ದನ್ನು ಹೊರಬಿಟ್ಟು ಆವಿಯನ್ನು ಒಳಗೇ ತಡೆಯುವ ಸಣ್ಣ ಸಾಧನ. ಕೆಟ್ಟು ತೆರೆದೇ ನಿಂತರೆ ಎಣ್ಣೆ ಸುಟ್ಟು ಮಾಡಿದ ಆವಿ ಸುಮ್ಮನೆ ಹೋಗುತ್ತದೆ. ಮುಚ್ಚಿಯೇ ನಿಂತರೆ ಯಂತ್ರದಲ್ಲಿ ನೀರು ಕಟ್ಟಿ ಬಿಸಿ ಏರುವುದಿಲ್ಲ.

ಮೊದಲ ಎರಡು ವಾರ ಅವಳು ಏನನ್ನೂ ಮುಟ್ಟಲಿಲ್ಲ. ಒಂದೊಂದು ಟ್ರ್ಯಾಪ್‌ಗೂ ನಂಬರ್ ಚೀಟಿ ಕಟ್ಟಿ ನಕ್ಷೆ ಬರೆದಳು. ಬಾಯ್ಲರ್ ನೋಡಿಕೊಳ್ಳುವ ಹಿರಿಯ ಫುಂಡಿಯ ಹಿಂದೆ ತಿರುಗಿದಳು. ಅವರು ಸ್ಕ್ರೂಡ್ರೈವರ್‌ನ ತುದಿಯನ್ನು ಟ್ರ್ಯಾಪ್‌ಗೆ, ಹಿಡಿಯನ್ನು ಕಿವಿಗೆ ಒತ್ತಿ ಸದ್ದು ಕೇಳಿಯೇ "ಇದು ಹೋಗಿದೆ" ಅನ್ನುತ್ತಿದ್ದರು. ಅವಳು ಅವರ ಮಾತನ್ನು ಬರೆದುಕೊಂಡು, ಆಮೇಲೆ ಉಷ್ಣತೆ ಅಳೆದು ತಾಳೆ ನೋಡುತ್ತಿದ್ದಳು. ಹೆಚ್ಚಿನವು ತಾಳೆಯಾದವು. ತಾಳೆಯಾಗದ ಕಡೆ ಇಬ್ಬರೂ ಮತ್ತೆ ಹೋಗಿ ನೋಡುತ್ತಿದ್ದರು. ಒಮ್ಮೆ ಅವಳು ಇನ್ನೊಂದು ಬಗೆಯ ಟ್ರ್ಯಾಪ್ ಹಾಕಬಹುದು ಎಂದು ಸೂಚಿಸಿದಾಗ, ಅದನ್ನು ಹಿಂದೆ ಹಾಕಿ ನೋಡಿ ತೆಗೆದಿದ್ದೇವೆ, ನಮ್ಮ ನೀರಿನ ಕೊಳೆಗೆ ತಡೆಯಲಿಲ್ಲ ಎಂದು ಅವರು ಹೇಳಿದರು. ಅವಳು ಆ ಸೂಚನೆಯನ್ನು ಕೈಬಿಟ್ಟಳು, ಆದರೆ ಕೈಬಿಟ್ಟದ್ದೇಕೆ ಎಂಬುದನ್ನು ವರದಿಯಲ್ಲಿ ಪೂರ್ತಿ ಬರೆದಳು.

ಅವಳ ಮೌಖಿಕ ಪರೀಕ್ಷೆಗೆ ನನ್ನನ್ನೂ ಕರೆದಿದ್ದರು. ಪರೀಕ್ಷಕರೊಬ್ಬರು "ಇದರಲ್ಲಿ ಹೊಸದೇನಿದೆ?" ಎಂದರು. ಅವಳು, "ಸರ್, ಟ್ರ್ಯಾಪ್ ಹೊಸದಲ್ಲ. ಆದರೆ ಈ ಕಾರ್ಖಾನೆಯಲ್ಲಿ ಯಾವುದು ಕೆಟ್ಟಿದೆ ಎಂದು ಇದುವರೆಗೆ ಒಬ್ಬರ ಕಿವಿಗೆ ಮಾತ್ರ ಗೊತ್ತಿತ್ತು, ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ" ಎಂದಳು. ಅವಳು ಬರೆದ ಪಟ್ಟಿ ಇವತ್ತಿಗೂ ಬಾಯ್ಲರ್ ಕೋಣೆಯ ಗೋಡೆಯ ಮೇಲಿದೆ. ನನ್ನ ಚಿನ್ನದ ಅಕ್ಷರದ ವರದಿ ಎಲ್ಲಿದೆಯೋ ನನಗೇ ಗೊತ್ತಿಲ್ಲ.

ಮಾಡುವುದು ಹೇಗೆ

ಇಂಥದ್ದನ್ನು ಪದವಿಯೊಳಗೆ ತರಲು ನನ್ನ ಅನುಭವದಲ್ಲಿ ಬೇಕಾದವು ಇವು.

ಒಂದು, ಪ್ರಶ್ನೆ ಚಿಕ್ಕದಿರಬೇಕು. ಒಂದು ಸೆಮಿಸ್ಟರ್‌ನಲ್ಲಿ ಅಳೆದು ಮುಗಿಸುವಂತಿರಬೇಕು. ಎರಡು, ಇಬ್ಬರು ಮಾರ್ಗದರ್ಶಕರು ಬೇಕು, ಕಾಲೇಜಿನಿಂದ ಒಬ್ಬರು, ಕೆಲಸದ ಜಾಗದಿಂದ ಒಬ್ಬರು. ಶುರುವಿನಲ್ಲೇ ಒಮ್ಮೆ ಮೂವರೂ ಒಟ್ಟಿಗೆ ಕೂರಬೇಕು. ಮೂರು, ಯಾವ ಅಂಕಿಅಂಶ ಹೊರಗೆ ಹೇಳಬಹುದು, ಯಾವುದು ಕಂಪನಿಯ ಗುಟ್ಟು ಎಂಬುದನ್ನು ಮೊದಲೇ ಬರೆದಿಡಬೇಕು. ಇಲ್ಲವಾದರೆ ಕೊನೆಯ ವಾರ ವರದಿ ನಿಂತುಹೋಗುತ್ತದೆ. ನಾಲ್ಕು, ದಿನಚರಿ ಪುಸ್ತಕಕ್ಕೂ ಅಂಕ ಇರಬೇಕು. ಇವತ್ತು ಅಂಗಡಿಗೆ ಹೋಗುವುದೂ ಬೇಡ, ಇಡೀ ವರದಿಯನ್ನು ಕಂಪ್ಯೂಟರ್ ಒಂದು ಸಂಜೆಯಲ್ಲಿ ಬರೆದುಕೊಡುತ್ತದೆ. ಆದರೆ ಎಣ್ಣೆ ಕಲೆಯಾದ ದಿನಚರಿಯನ್ನು ಮುಂದಿಟ್ಟುಕೊಂಡು ಹತ್ತು ನಿಮಿಷ ಪ್ರಶ್ನೆ ಕೇಳಿದರೆ ಸುಳ್ಳು ನಿಲ್ಲುವುದಿಲ್ಲ. ಐದು, ಸೋತ ಪ್ರಯತ್ನವನ್ನು ಪ್ರಾಮಾಣಿಕವಾಗಿ ಬರೆದರೆ ಅಂಕ ಕಡಿಯಬಾರದು. ಕಡಿದರೆ ಮಕ್ಕಳು ಅಂಕಿ ತಿದ್ದುವುದನ್ನು ಕಲಿಯುತ್ತಾರೆ.

ಅಪಾಯವೂ ಇದೆ, ಅದು ನಮ್ಮಂಥವರಿಂದಲೇ. ಅಟ್ಯಾಚ್‌ಮೆಂಟ್‌ಗೆ ಬಂದವರನ್ನು ಫೋಟೋಕಾಪಿ ಮಾಡಲು, ಚಹಾ ತರಲು ಇಟ್ಟುಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಈ ದೇಶದಲ್ಲಿ ಉದ್ಯೋಗದಾತರು ಪ್ರತಿ ನೌಕರನ ಲೆಕ್ಕದಲ್ಲಿ ತಿಂಗಳಿಗೆ 50 ಶಿಲ್ಲಿಂಗ್ ತರಬೇತಿ ಶುಲ್ಕವನ್ನು ನೀಟಾಗೆ, ಅಂದರೆ ರಾಷ್ಟ್ರೀಯ ಕೈಗಾರಿಕಾ ತರಬೇತಿ ಪ್ರಾಧಿಕಾರಕ್ಕೆ, ಕಟ್ಟುತ್ತಾರೆ. ಕಟ್ಟಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ವಿದ್ಯಾರ್ಥಿಗೆ ಬೇಕಾದದ್ದು ವಾರಕ್ಕೆ ನಮ್ಮ ಒಂದು ಗಂಟೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಊಟಕ್ಕೆ ಏಳುವ ಮೊದಲು ಒಂದು ಚೀಟಿಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ ಬಹಳ ದಿನದಿಂದ ಯಾರೂ ಬಿಡಿಸದೆ ಬಿಟ್ಟ ಒಂದು ಸಣ್ಣ ಪ್ರಶ್ನೆಯನ್ನು ಬರೆಯಿರಿ. ಅದರ ಕೆಳಗೆ, ಉತ್ತರಕ್ಕಾಗಿ ಯಾರು ಕಾಯುತ್ತಿದ್ದಾರೆ ಎಂಬುದನ್ನೂ ಬರೆಯಿರಿ. ಎರಡನೆಯ ಸಾಲು ತುಂಬಿಸಲು ಆದರೆ, ಮುಂದೆ ನಿಮ್ಮಲ್ಲಿಗೆ ಬರುವ ವಿದ್ಯಾರ್ಥಿಗೆ ಆ ಚೀಟಿಯನ್ನೇ ಕೊಡಿ. ಆ ವಿದ್ಯಾರ್ಥಿ ಕಿಸುಮುವಿನವನಿರಲಿ, ಕುಣಿಗಲ್ಲಿನವಳಿರಲಿ, ನಮ್ಮದೇ ಮನೆಯ ಮಗುವಿರಲಿ.