ಕೊಲೆಗಾರ ಸತ್ತರೆ ಕೇಸೂ ಸತ್ತಂತೆಯೇ?

ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದವನು ಕೊನೆಗೆ ತಾನೂ ಗುಂಡಿಟ್ಟುಕೊಂಡು ಸತ್ತ ಎಂಬ ಸುದ್ದಿ ಬಂದರೆ ನಮ್ಮಲ್ಲಿ ಬಹಳ ಜನ ಹೇಳುವ ಮಾತು: “ಆಸಾಮಿಯೇ ಹೋದ, ಇನ್ನು ಯಾರ ಮೇಲೆ ಕೇಸು?” ಇದರಲ್ಲಿ ಅರ್ಧ ನಿಜವಿದೆ. ಸತ್ತವನನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು; ಕ್ರಿಮಿನಲ್ ಮೊಕದ್ದಮೆ ಅವನ ಜೊತೆಗೇ ಮುಗಿಯುತ್ತದೆ. ಆದರೆ ನಷ್ಟಪರಿಹಾರ ಕೇಳುವ ಸಿವಿಲ್ ದಾವೆಯ ದಾರಿ ಬೇರೆ. ಅವನು ಬಿಟ್ಟುಹೋದ ಮನೆ, ಬ್ಯಾಂಕಿನ ಹಣ, ವಾಹನ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ.

ಅಮೆರಿಕದ ಲಾಸ್ ವೇಗಸ್ ಪ್ರಕರಣ ನೋಡಿ. 2017ರ ಅಕ್ಟೋಬರ್ 1ರ ರಾತ್ರಿ ಸ್ಟೀಫನ್ ಪ್ಯಾಡಕ್ ಎಂಬಾತ ಹೋಟೆಲಿನ 32ನೇ ಮಹಡಿಯಿಂದ ಸಂಗೀತೋತ್ಸವದ ಮೇಲೆ ಗುಂಡಿನ ಮಳೆಗರೆದ. 58 ಜನ ಸತ್ತರು; ಗಾಯದಿಂದ ಆಮೇಲೆ ತೀರಿಕೊಂಡ ಇಬ್ಬರನ್ನು ಸೇರಿಸಿ ಲೆಕ್ಕ ಈಗ 60. ಆತ ಅಲ್ಲೇ ಆತ್ಮಹತ್ಯೆ ಮಾಡಿಕೊಂಡ. ಉಯಿಲು ಸಿಗಲಿಲ್ಲ. ಕಾನೂನಿನ ಪ್ರಕಾರ ಆಸ್ತಿ ಅವನ ತಾಯಿಗೆ ಹೋಗಬೇಕಿತ್ತು. ಆಕೆ ಬೇಡವೆಂದು ಸಂತ್ರಸ್ತರಿಗೆ ಬಿಟ್ಟುಕೊಟ್ಟರು. ಕೋರ್ಟು ಆಡಳಿತಗಾರರೊಬ್ಬರನ್ನು ನೇಮಿಸಿ, ಎರಡು ಮನೆಗಳೂ ಸೇರಿದಂತೆ ಎಲ್ಲವನ್ನೂ ಪಟ್ಟಿ ಮಾಡಿಸಿತು. ಆ ಪಟ್ಟಿಯಲ್ಲಿ ಅವನ ಬಂದೂಕುಗಳೂ ಇದ್ದವು! ಬಂದೂಕೂ ಆಸ್ತಿಯೇ, ಮಾರಿದರೆ ಹಣ ಬರುತ್ತದೆ, ಆ ಹಣ ಸತ್ತವರ ಮನೆಯವರಿಗೆ ಸೇರಬೇಕು. ಆದರೆ ಆ ಬಂದೂಕುಗಳು ಮತ್ತೆ ಯಾರದೋ ಕೈ ಸೇರುವುದನ್ನು ಯಾರು ಬಯಸಿಯಾರು? ಕೊನೆಗೆ ಹೆಸರು ಹೇಳಲೊಲ್ಲದ ದಾನಿಯೊಬ್ಬರು ಅವುಗಳ ಬೆಲೆಗೆ ಸಮನಾಗಿ 62,500 ಡಾಲರ್ ಕೊಟ್ಟು, ಅವನ್ನು ನಾಶಪಡಿಸಲು ದಾರಿ ಮಾಡಿಕೊಟ್ಟರು. ಕಾನೂನು ತಾನಾಗಿ ಬಿಡಿಸಲಾಗದ ಗಂಟೊಂದನ್ನು ಒಬ್ಬರ ದೊಡ್ಡ ಮನಸ್ಸು ಬಿಡಿಸಿತು.

“ಹಾಗಾದರೆ ಸಂತ್ರಸ್ತರಿಗೆ ಒಳ್ಳೆಯ ಪರಿಹಾರವೇ ಸಿಕ್ಕಿರಬೇಕು” ಎಂಬುದು ಎರಡನೆಯ ತಪ್ಪು ಕಲ್ಪನೆ. ಪ್ಯಾಡಕ್‌ನ ಆಸ್ತಿ ಸುಮಾರು 14 ಲಕ್ಷ ಡಾಲರ್. 60 ಕುಟುಂಬಗಳಿಗೆ ಹಂಚಿದರೆ ತಲಾ 23 ಸಾವಿರದಷ್ಟು, ಅದೂ ಖರ್ಚು ಕಳೆಯುವ ಮೊದಲು. ದೊಡ್ಡ ಮೊತ್ತ ಬಂದದ್ದು ಹೋಟೆಲಿನ ಒಡೆತನ ಹೊಂದಿದ್ದ ಎಂಜಿಎಂ ರೆಸಾರ್ಟ್ಸ್ ಕಂಪನಿಯ ರಾಜಿಯಿಂದ: 80 ಕೋಟಿ ಡಾಲರ್, ಬಹುಪಾಲು ಅದರ ವಿಮೆಯಿಂದ. ಬೇಕೆಂದೇ ಮಾಡಿದ ಅಪರಾಧಕ್ಕೆ ಅಪರಾಧಿಯ ಸ್ವಂತ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದ್ದರಿಂದಲೇ ಅಲ್ಲಿನ ವಕೀಲರು ಕೊಂದವನ ಜೊತೆಗೆ, ನಿರ್ಲಕ್ಷ್ಯ ತೋರಿದವರು ಬೇರೆ ಯಾರಾದರೂ ಇದ್ದಾರೆಯೇ ಎಂದೂ ಹುಡುಕುತ್ತಾರೆ.

“ಖುಲಾಸೆಯಾಗಿ ಸತ್ತವನ ಆಸ್ತಿಯನ್ನು ಯಾರೂ ಮುಟ್ಟುವಂತಿಲ್ಲ” ಎನ್ನುವವರಿಗೆ ಅಮೆರಿಕದ ಫುಟ್ಬಾಲ್ ತಾರೆ ಓ.ಜೆ. ಸಿಂಪ್ಸನ್ ಪ್ರಕರಣವೇ ಉತ್ತರ. 1995ರಲ್ಲಿ ಮಾಜಿ ಪತ್ನಿ ಮತ್ತು ಆಕೆಯ ಯುವ ಸ್ನೇಹಿತನ ಜೋಡಿ ಕೊಲೆಯ ಆರೋಪದಿಂದ ಬಿಡುಗಡೆಯಾದ ಆತನನ್ನು 1997ರಲ್ಲಿ ಸಿವಿಲ್ ಜ್ಯೂರಿ ಅದೇ ಸಾವುಗಳಿಗೆ ಹೊಣೆ ಮಾಡಿ 3.35 ಕೋಟಿ ಡಾಲರ್ ತೆರಬೇಕೆಂದಿತು. ಸಂಶಯಕ್ಕೆ ಎಡೆಯಿಲ್ಲದಂಥ ರುಜುವಾತು ಬೇಕಾಗುವುದು ಕ್ರಿಮಿನಲ್ ಕೋರ್ಟಿನಲ್ಲಿ. ಸಿವಿಲ್ ಕೋರ್ಟಿಗೆ ಸಾಕ್ಷ್ಯದ ತಕ್ಕಡಿ ದಾವೆ ಹೂಡಿದವರ ಕಡೆ ತುಸು ವಾಲಿದರೂ ಸಾಕು. ಆತ ಬದುಕಿದ್ದಾಗ ಕೊಟ್ಟದ್ದು ಅತ್ಯಲ್ಪ, ಪಿಂಚಣಿಯನ್ನಂತೂ ಹಣ ಬರಬೇಕಿದ್ದವರು ಮುಟ್ಟುವಂತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಆತ ಸತ್ತಾಗಲೂ ಬಡ್ಡಿಯಿಂದ ಬೆಳೆದ ಆ ಬಾಕಿ ಹಾಗೇ ಇತ್ತು. ಆಸ್ತಿಯ ನಿರ್ವಾಹಕ ಮೊದಲು, ಕೊಲೆಯಾದ ಯುವಕನ ಕುಟುಂಬಕ್ಕೆ ಬಿಡಿಗಾಸೂ ಸಿಗಬಾರದು ಎಂದುಬಿಟ್ಟ. ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡ. ಅವನ ಇಷ್ಟಾನಿಷ್ಟ ಇಲ್ಲಿ ನಡೆಯುವುದಿಲ್ಲ, ಬಾಕಿ ಎಂದರೆ ಬಾಕಿ.

ಇಂಥ ದಾವೆಗೆ ಅವಸರವೂ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಗಾಯದ ಪರಿಹಾರಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಎರಡು ವರ್ಷವಿದೆ. ಹೊಣೆಗಾರ ಸತ್ತರೆ, ಸತ್ತ ದಿನದಿಂದ ಒಂದೇ ವರ್ಷ.

ಇನ್ನು “ಅಪ್ಪನ ಪಾಪ ಮಕ್ಕಳ ತಲೆಗೆ” ಎಂಬ ಅಂಜಿಕೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಮಿನಂತೆ ವಾರಸುದಾರನ ಹೊಣೆ ಅವನ ಕೈಗೆ ಬಂದ, ಸತ್ತವನ ಆಸ್ತಿಯಷ್ಟಕ್ಕೇ ಸೀಮಿತ. ಅವನ ಸ್ವಂತ ದುಡಿಮೆಗೆ ಕೈಹಾಕುವಂತಿಲ್ಲ. ಹಳೆಯ ಧರ್ಮಶಾಸ್ತ್ರ ಕೂಡ ಇಲ್ಲಿ ಮಕ್ಕಳ ಪರವಾಗಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದ ಯಾಜ್ಞವಲ್ಕ್ಯ ಸ್ಮೃತಿಯೇ, ಕುಡಿತ, ಜೂಜು, ಕಾಮಕ್ಕಾಗಿ ಮಾಡಿದ ಸಾಲವನ್ನೂ ಕಟ್ಟದೆ ಉಳಿದ ದಂಡವನ್ನೂ ಮಗ ಕೊಡಬೇಕಿಲ್ಲ ಎಂದಿದೆ. ಆ ಸ್ಮೃತಿಗೆ ವಿಜ್ಞಾನೇಶ್ವರ ‘ಮಿತಾಕ್ಷರ’ ವ್ಯಾಖ್ಯಾನ ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ, ಇಂದಿನ ನಮ್ಮ ಬಸವಕಲ್ಯಾಣದಲ್ಲಿ.

ಅಮೆರಿಕದ ಕತೆ ಕೇಳಿ ಇಲ್ಲೂ ಹಾಗೇ ಎಂದುಕೊಂಡರೆ ಅದು ಮತ್ತೊಂದು ತಪ್ಪು ಕಲ್ಪನೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 306ನೇ ಕಲಮು ಸತ್ತವನ ವಿರುದ್ಧದ ಬಹುತೇಕ ದಾವೆಗಳನ್ನು ಉಳಿಸಿದರೂ, ಹಲ್ಲೆ, ಮಾನನಷ್ಟ ಮತ್ತು ಸಾವು ತರದ ದೈಹಿಕ ಗಾಯದ ದಾವೆಗಳನ್ನು ಹೊರಗಿಟ್ಟಿದೆ. ಹೊಡೆದವನು ದಾವೆ ತೀರ್ಮಾನವಾಗುವ ಮುಂಚೆ ಸತ್ತರೆ ಗಾಯಾಳುವಿನ ಹಕ್ಕೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಡಿಕ್ರಿ ಕೈಗೆ ಬಂದ ಮೇಲೆ ಸತ್ತರೆ ಮಾತ್ರ ಅದು ಸಾಲವಾಗಿ ಆಸ್ತಿಗೆ ಅಂಟಿಕೊಳ್ಳುತ್ತದೆ. ಎಂದೋ ತಿದ್ದಬೇಕಿದ್ದ ಕಾನೂನುಗಳ ಸಾಲಿಗೆ ಇದನ್ನೂ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಸದ್ಯಕ್ಕೆ ಇಂಥ ಗಾಯಾಳುಗಳಿಗೆ ಉಳಿದಿರುವುದು ಸರ್ಕಾರದ ಸಂತ್ರಸ್ತರ ಪರಿಹಾರ ಯೋಜನೆ. ಅದಕ್ಕೆ ಅಪರಾಧಿಯ ಆಸ್ತಿ ಬೇಕಿಲ್ಲ, ಅಪರಾಧಿ ಪತ್ತೆಯಾಗದಿದ್ದರೂ ನಡೆಯುತ್ತದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ.