ಗಣಕಯಂತ್ರದಲ್ಲಿ ಕಡತ ಹಾಗೂ ಇ-ಮೇಲ್ ಹುಡುಕುವ ಸಾಧನಗಳು: ಒಂದು ಹೋಲಿಕೆ

ಗ್ರಾಮ ಪಂಚಾಯಿತಿಗಳ ಸಭಾ ನಡವಳಿ, ಠರಾವು, ಕ್ರಿಯಾ ಯೋಜನೆ ಹಾಗೂ ಪತ್ರ ವ್ಯವಹಾರಗಳು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತವೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು. ಸಕಾರಣವಿಲ್ಲದ ವಿಳಂಬಕ್ಕೆ ದಿನವೊಂದಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಯಂತ್ರದಲ್ಲಿರುವ ಕಡತವು ಹುಡುಕಿದಾಗ ದೊರೆಯದಿದ್ದರೆ “ದಾಖಲೆ ಲಭ್ಯವಿಲ್ಲ” ಎಂಬ ತಪ್ಪು ಉತ್ತರಕ್ಕೆ ಅದು ಎಡೆಮಾಡಿಕೊಡುತ್ತದೆ.

ಬಳಕೆಯಲ್ಲಿರುವ ಸಾಧನಗಳು ಹೀಗಿವೆ:

1. ವಿಂಡೋಸ್ ಸರ್ಚ್: ಪ್ರತ್ಯೇಕವಾಗಿ ಅಳವಡಿಸಬೇಕಿಲ್ಲ. ಕಡತದ ಹೆಸರಿನೊಂದಿಗೆ ಒಳಗಿನ ಪಠ್ಯವನ್ನೂ ಸೂಚಿ ಮಾಡಿಕೊಂಡು ಹುಡುಕುತ್ತದೆ. ಆದರೆ ‘ಡಿ’ ಡ್ರೈವ್‌ನಲ್ಲಿಟ್ಟ ಕಡತಗಳು ಸಾಮಾನ್ಯವಾಗಿ ಈ ಸೂಚಿಯಲ್ಲಿರುವುದಿಲ್ಲ. ‘ಇಂಡೆಕ್ಸಿಂಗ್ ಆಪ್ಷನ್ಸ್’ನಲ್ಲಿ ಅವುಗಳನ್ನು ಸೇರಿಸಬೇಕು.

2. ಎವೆರಿಥಿಂಗ್: ಉಚಿತ ತಂತ್ರಾಂಶ. ಇಡೀ ಡ್ರೈವ್‌ನಲ್ಲಿರುವ ಕಡತಗಳ ಹೆಸರನ್ನು ಕ್ಷಣಾರ್ಧದಲ್ಲಿ ತೋರಿಸುತ್ತದೆ. ಇದರ ಬಲ ಹೆಸರಿನ ಹುಡುಕಾಟದಲ್ಲಿದೆ, ಒಳಗಿನ ಪಠ್ಯದಲ್ಲಿ ಅಲ್ಲ.

3. ಡಾಕ್‌ಫೆಚರ್: ಮುಕ್ತ ತಂತ್ರಾಂಶ. ಆಯ್ದ ಫೋಲ್ಡರ್‌ಗಳಲ್ಲಿನ ವರ್ಡ್, ಎಕ್ಸೆಲ್, ಪಿಡಿಎಫ್ ಕಡತಗಳ ಪಠ್ಯವನ್ನು ಹುಡುಕುತ್ತದೆ.

4. ಇ-ಮೇಲ್: ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಮೂಲಕ ಯಂತ್ರಕ್ಕೆ ಇಳಿಸಿಕೊಂಡ ಪತ್ರಗಳನ್ನು ಆಯಾ ತಂತ್ರಾಂಶದಲ್ಲಿಯೇ ಹುಡುಕಬಹುದು. ಬ್ರೌಸರ್‌ನಲ್ಲಿ ಮಾತ್ರ ತೆರೆಯುವ ಇ-ಮೇಲ್ ದೂರದ ಸರ್ವರ್‌ನಲ್ಲಿರುವುದರಿಂದ ಮೇಲಿನ ಮೂರು ಸಾಧನಗಳಿಗೂ ಅದು ಎಟುಕದು. ಆ ಖಾತೆಯ ಹುಡುಕು ಪಟ್ಟಿಯನ್ನೇ ಬಳಸಬೇಕು.

ಕನ್ನಡ ಕಡತಗಳಲ್ಲಿ ಎರಡು ತೊಡಕುಗಳು ಎದುರಾಗುತ್ತವೆ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ, ಯೂನಿಕೋಡ್ ಅಲ್ಲದ ವಿಧಾನದಲ್ಲಿ ಟೈಪ್ ಮಾಡಿದ ಪಠ್ಯವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರದೊಳಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳಾಗಿ ಉಳಿದಿರುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲಿ “ಕೊಳವೆಬಾವಿ” ಎಂದು ಹುಡುಕಿದರೆ ಆ ಠರಾವು ಯಾವ ಸಾಧನಕ್ಕೂ ಸಿಗುವುದಿಲ್ಲ. ಎರಡನೆಯದಾಗಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಕೇವಲ ಚಿತ್ರವಾಗಿರುತ್ತದೆ. ಅದರಲ್ಲಿ ಹುಡುಕಬಹುದಾದ ಪಠ್ಯವೇ ಇರುವುದಿಲ್ಲ.

ಆದಕಾರಣ ಸಾಧನದ ಆಯ್ಕೆಗಿಂತ ಕಡತವನ್ನು ಇಡುವ ಕ್ರಮವೇ ಮುಖ್ಯ. ಹೊಸ ಕಡತಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಬೇಕು. ಹಳೆಯ ಮುಖ್ಯ ನಡವಳಿಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಮೂಲದೊಂದಿಗೆ ತಾಳೆ ನೋಡಿ, ಮೂಲ ಪ್ರತಿಯನ್ನೂ ಉಳಿಸಿಕೊಳ್ಳಬೇಕು. ಸ್ಕ್ಯಾನ್ ಪ್ರತಿಗಳಿಗೆ “2023-08-14 ಸಾಮಾನ್ಯ ಸಭೆ ನಡವಳಿ” ಎಂಬಂತೆ ದಿನಾಂಕ ಹಾಗೂ ವಿಷಯವಿರುವ ಹೆಸರು ನೀಡಿದಲ್ಲಿ, ಹೆಸರಿನಿಂದಲಾದರೂ ಅವು ದೊರೆಯುತ್ತವೆ.

ಸದಸ್ಯರು ಕೋರಿದ ಠರಾವು “ಸಿಗುತ್ತಿಲ್ಲ” ಎಂಬ ಉತ್ತರ ಬಂದಾಗ, ಅದನ್ನು ಯಾವ ಡ್ರೈವ್‌ನಲ್ಲಿ, ಹೆಸರಿನಿಂದಲೋ ಪಠ್ಯದಿಂದಲೋ, ಯೂನಿಕೋಡ್‌ನಲ್ಲೋ ಹಳೆಯ ನುಡಿಯಲ್ಲೋ ಹುಡುಕಲಾಯಿತು ಎಂದು ವಿಚಾರಿಸುವುದು ಸೂಕ್ತ. ಹುಡುಕಾಟದಲ್ಲಿ ಕಾಣದ ಮಾತ್ರಕ್ಕೆ ದಾಖಲೆಯೇ ಇಲ್ಲವೆಂದು ತೀರ್ಮಾನಿಸಲಾಗದು. ಠರಾವು ಪುಸ್ತಕವನ್ನೂ ಪರಿಶೀಲಿಸಿದ ನಂತರವಷ್ಟೇ ಹಾಗೆ ಬರೆದುಕೊಡಬೇಕು.